ಕುದುರೆಯೇ ಅರ್ಧ ಆಟಗಾರ

ಚಾಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡ ಸವಾರ ಒಂದು ಕೈಯಲ್ಲಿ ಜೀನು ಹಿಡಿದು ನೆಲದತ್ತ ಜೋತುಬೀಳುತ್ತಾನೆ. ಕೆಳಗೆ ಬಿದ್ದಿರುವುದು ತಲೆ ತೆಗೆದ ಆಡಿನ ದೇಹ. ತೂಕ 30 ಕಿಲೋ ಮೀರುತ್ತದೆ. ಎದುರಾಳಿ ಕುದುರೆಗಳು ನಾಲ್ಕೂ ಕಡೆಯಿಂದ ಒತ್ತುತ್ತಿದ್ದರೂ ಅವನ ಕುದುರೆ ಕದಲುವುದಿಲ್ಲ. ಆಡನ್ನು ಎತ್ತಿ ತೊಡೆಯಡಿ ಅವುಚಿಕೊಂಡನೋ ಇಲ್ಲವೋ, ಕುದುರೆ ಎದೆಯಿಂದಲೇ ದಾರಿ ಬಿಡಿಸಿಕೊಂಡು ಓಟ ಕೀಳುತ್ತದೆ.

ಇದು ಕೋಕ್‌ಬೋರು, ಕಿರ್ಗಿಸ್ತಾನದ ಅಚ್ಚುಮೆಚ್ಚಿನ ಆಟ. ನಾನು ಇದನ್ನು ನೋಡಿದ್ದು ಇಸಿಕ್‌ಕುಲ್ ಸರೋವರದ ಉತ್ತರ ದಂಡೆಯ ಚೋಲ್ಪೊನ್‌ಅತಾ ಪಟ್ಟಣದಲ್ಲಿ. ಅಂಗಳದಲ್ಲಿ ತಂಡಕ್ಕೆ ನಾಲ್ವರು ಸವಾರರು, 20 ನಿಮಿಷಗಳ ಮೂರು ಅವಧಿ. ಸುಮಾರು 200 ಮೀಟರ್ ಉದ್ದದ ಅಂಗಳದ ಎರಡೂ ತುದಿಗಳಲ್ಲಿ ಎದೆಮಟ್ಟದ ದುಂಡು ಕಟ್ಟೆ, ಅದರ ನಡುವೆ ಗುಳಿ. ಎದುರಾಳಿಯ ಗುಳಿಗೆ ಆಡನ್ನು ಹಾಕಿದರೆ ಅಂಕ. ಕಬಡ್ಡಿಯಲ್ಲಿ ರೈಡರ್ ಮೇಲೆ ಮುಗಿಬೀಳುವಂತೆ ಆಡು ಹಿಡಿದವನ ಮೇಲೆ ಎಲ್ಲರೂ ಮುಗಿಬೀಳುತ್ತಾರೆ. ಹಾಗಾಗಿ ಕೆಲವರ ತಲೆಯ ಮೇಲೆ ಸೋವಿಯತ್ ಕಾಲದ ಟ್ಯಾಂಕ್ ಸಿಬ್ಬಂದಿ ತೊಡುತ್ತಿದ್ದ ಮೆತ್ತೆಯ ಟೋಪಿ.

ಕುದುರೆ ಕಟ್ಟೆಯತ್ತ ನಾಗಾಲೋಟದಲ್ಲಿ ಬಂದು ಅಂಚಿನಲ್ಲಿ ಗಕ್ಕನೆ ನಿಲ್ಲಬೇಕು. ಆ ರಭಸಕ್ಕೆ ಸವಾರನೂ ಕೆಲವೊಮ್ಮೆ ಆಡಿನೊಂದಿಗೇ ಗುಳಿಗೆ ಬೀಳುತ್ತಾನೆ. ಓಟದ ಕುದುರೆಗೆ ವೇಗವಿದ್ದರೆ ಸಾಕು. ಈ ಕುದುರೆಗೆ ನುಗ್ಗಲೂ ಬರಬೇಕು, ನಿಲ್ಲಲೂ ಬರಬೇಕು.

ತೋಳಗಳ ಕಾಟದಿಂದ ಈ ಆಟ ಹುಟ್ಟಿತು ಎನ್ನುವುದು ಅಲ್ಲಿನವರ ನಂಬಿಕೆ. ಮಂದೆಗೆ ನುಗ್ಗಿದ ತೋಳವನ್ನು ಬೆನ್ನಟ್ಟಿ ಕೊಂದ ಕುರುಬರು ಅದರ ದೇಹವನ್ನು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಳ್ಳುತ್ತಿದ್ದರಂತೆ. ಕಿರ್ಗಿಸ್ತಾನದ ಉಳಿದ ಕುದುರೆ ಆಟಗಳಲ್ಲೂ ಮಂದೆ ಕಾಯುವವರ ಕಸುಬೇ ಕಾಣುತ್ತದೆ. ತಿಯಿನ್ ಎನ್ಮೈಯಲ್ಲಿ ನಾಗಾಲೋಟದ ಕುದುರೆಯಿಂದ ಬಾಗಿ ನೆಲದ ನಾಣ್ಯ ಹೆಕ್ಕಬೇಕು. ಎರ್ ಎನಿಶ್ ಅಂದರೆ ಕುದುರೆ ಮೇಲಿನ ಕುಸ್ತಿ. ಎದುರಾಳಿಯನ್ನು ಜೀನಿನಿಂದ ನೆಲಕ್ಕೆಳೆದವನು ಗೆದ್ದ. ಕಿಜ್ ಕೂಮೈಯಲ್ಲಿ ಯುವತಿ ಮುಂದೆ, ಯುವಕ ಹಿಂದೆ. ಸಿಕ್ಕಿದರೆ ಅವನಿಗೆ ಮುತ್ತು. ಸಿಗದಿದ್ದರೆ ಮರಳುವ ದಾರಿಯಲ್ಲಿ ಅವಳು ಚಾಟಿ ಬೀಸುತ್ತಾ ಅವನನ್ನು ಅಟ್ಟಿಸಿಕೊಂಡು ಬರುತ್ತಾಳೆ. ಪ್ರೇಕ್ಷಕರ ಕೇಕೆ ಜೋರಾಗುವುದು ಆಗಲೇ.

ಸೋವಿಯತ್ ಆಡಳಿತ ಸಾಮೂಹಿಕ ಕೃಷಿಯ ಹೆಸರಿನಲ್ಲಿ ಅಲೆಮಾರಿಗಳನ್ನು ಒಂದೆಡೆ ನೆಲೆಗೊಳಿಸಿತು. ಆದರೂ ಬೇಸಿಗೆ ಬಂದರೆ ಮಂದೆ ಹೊಡೆದುಕೊಂಡು ಎತ್ತರದ ಹುಲ್ಲುಗಾವಲಿಗೆ ಹೋಗುವ ರೂಢಿ ತಪ್ಪಲಿಲ್ಲ. ಕುದುರೆಯ ನಂಟೂ ಹಾಗೇ ಉಳಿಯಿತು. 1991ರಲ್ಲಿ ದೇಶ ಸ್ವತಂತ್ರವಾದ ಮೇಲೆ ಈ ಆಟಗಳು ರಾಷ್ಟ್ರದ ಗುರುತಾದವು. ವಿಶ್ವ ಅಲೆಮಾರಿ ಕ್ರೀಡಾಕೂಟ 2014ರಲ್ಲಿ ಇದೇ ಚೋಲ್ಪೊನ್‌ಅತಾದಲ್ಲಿ ಶುರುವಾಗಿ, 2016 ಮತ್ತು 2018ರಲ್ಲೂ ಇಲ್ಲೇ ನಡೆಯಿತು. ಮುಂದೆ ಟರ್ಕಿಗೆ, 2024ರಲ್ಲಿ ಕಜಕಸ್ತಾನದ ಅಸ್ತಾನಾಕ್ಕೆ ಹೋಯಿತು. 2017ರಲ್ಲಿ ಕೋಕ್‌ಬೋರು ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು. ಕಜಕರ ಕೋಕ್‌ಪಾರ್, ಅಫ್ಘಾನಿಸ್ತಾನದ ಬುಜ್‌ಕಶಿ ಇದರ ದಾಯಾದಿಗಳು.

ಸತ್ತ ಆಡನ್ನು ಎಳೆದಾಡುವುದು ಹೊರಗಿನವರಿಗೆ ಮುಜುಗರ ತರಬಹುದು. ಕೆಲವು ಸ್ಪರ್ಧೆಗಳಲ್ಲಿ ಈಗ ಅಷ್ಟೇ ಭಾರದ ಕೃತಕ ಆಡನ್ನು ಬಳಸುತ್ತಾರೆ. ಆದರೆ ಹಳ್ಳಿಯಲ್ಲಿ ಆಡು ವ್ಯರ್ಥವಾಗುವುದಿಲ್ಲ; ಆಟ ಮುಗಿದ ಮೇಲೆ ಊಟಕ್ಕೆ ಬೇಯುತ್ತದೆ.

ಅಂಗಳ, ಗಡಿಯಾರ, ತೀರ್ಪುಗಾರ ಎಲ್ಲವೂ ಇರುವ ಪಂದ್ಯ ಹೊಸಬರಿಗೆ ಸುಲಭವಾಗಿ ಅರ್ಥವಾಗುತ್ತದೆ. ಇದೇ ಆಟದ ಹಳೆಯ ರೂಪವಾದ ಅಲಮಾನ್ ಉಲಕ್ ಹಾಗಲ್ಲ. ಅದರಲ್ಲಿ ತಂಡವಿಲ್ಲ, ಗೆರೆಯಿಲ್ಲ. ಬಯಲು ತುಂಬ ಸವಾರರು, ಪ್ರತಿಯೊಬ್ಬನೂ ತನಗಾಗಿ ಮಾತ್ರ. ಅಲ್ಲಿ ಪಾಸ್ ಕೊಡಲು ಜೊತೆಗಾರನಿಲ್ಲ, ತಡೆಯಲು ಸೀಟಿಯಿಲ್ಲ. ನಂಬುವುದಕ್ಕೆ ಕೆಳಗಿರುವ ಕುದುರೆ ಒಂದೇ. ಕಿರ್ಗಿಸ್ತಾನಕ್ಕೆ ಹೋಗುವವರು ಕ್ರೀಡಾಂಗಣಕ್ಕೇ ತೃಪ್ತರಾಗದೆ, ಇದನ್ನು ಆಡುವ ಹಳ್ಳಿಯ ಹಬ್ಬವೊಂದನ್ನು ಹುಡುಕಿಕೊಂಡು ಹೋಗುವುದು ಒಳ್ಳೆಯದು.