ಗುಡ್ಡಕ್ಕೆ ಒರಗಿದ ಗೋಡೆ



ನಮ್ಮ ಕೆತ್ತಿಯಲ್ಲಿ ನೆಲಮಾಳಿಗೆ ಎಂದರೆ ಬಯಲುಸೀಮೆಯವರು ತಿಳಿಯುವಂತೆ ನೆಲ ಅಗೆದು ಇಳಿಸಿದ ಕೋಣೆಯಲ್ಲ. ಇಳಿಜಾರನ್ನು ಕಡಿದು ನಾವು ಮನೆ ಕಟ್ಟುತ್ತೇವೆ. ರಸ್ತೆಯ ಕಡೆಯಿಂದ ನೋಡಿದರೆ ಒಂದೇ ಅಂತಸ್ತು, ಕಣಿವೆಯ ಕಡೆಯಿಂದ ನೋಡಿದರೆ ಎರಡು. ಕೆಳಗಿನ ಅಂತಸ್ತಿನಲ್ಲಿ ಆಲೂಗಡ್ಡೆ ಮೂಟೆ, ಸೌದೆ, ಹಳೆಯ ಮಂಚ ಇರುತ್ತವೆ. ಮಗನಿಗೆ ಮದುವೆಯಾದರೆ ಅಲ್ಲೇ ಸಂಸಾರವೂ ಆರಂಭವಾಗುತ್ತದೆ. ಆ ಅಂತಸ್ತಿನ ಒಂದು ಗೋಡೆಗೆ ಮಾತ್ರ ಹಿಂದೆ ಬಯಲಿಲ್ಲ, ಗುಡ್ಡದ ಮಣ್ಣಿದೆ. ಇಂದಿನ ಮಾತು ಆ ಗೋಡೆಯನ್ನು ಕುರಿತದ್ದು, ಅದರ ತೇವ ನಿಲ್ಲಿಸಿಕೊಡುತ್ತೇನೆಂದು ಬರುವ ಕಾಂಟ್ರಾಕ್ಟರನ್ನು ಕುರಿತದ್ದು.

ಮೊದಲು ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ. ನಮ್ಮ ಕೆಳಗಿನ ಕೋಣೆಯ ಹಿಂಗೋಡೆ ಎರಡನೆಯ ಮಳೆಗಾಲಕ್ಕೇ ಕಪ್ಪಾಗಿ, ಬಣ್ಣ ಉಬ್ಬಿ, ಬಿಳಿಯ ಉಪ್ಪಿನ ಪುಡಿ ಉದುರತೊಡಗಿತು. ಒಬ್ಬ ಕಾಂಟ್ರಾಕ್ಟರು ಬಂದರು. ಬಾಗಿಲಲ್ಲೇ ನಿಂತು ಗೋಡೆಯನ್ನು ತಟ್ಟಿ ನೋಡಿ, ಚದರಡಿಗೆ ಇಷ್ಟೆಂದು ಲೆಕ್ಕ ಹೇಳಿ, ಹತ್ತು ವರ್ಷದ ಗ್ಯಾರಂಟಿ ಎಂದು ಅಚ್ಚು ಹಾಕಿಸಿದ ಕಾಗದ ಕೊಟ್ಟರು. ಅರ್ಧ ಹಣ ಮುಂಗಡ. ಮೇ ತಿಂಗಳಲ್ಲಿ ಹಳೆಯ ಗಾರೆ ಕೆತ್ತಿ, ಸಿಮೆಂಟಿಗೆ ರಾಸಾಯನಿಕ ಬೆರೆಸಿ ಒಳಗಡೆಯಿಂದ ಎರಡು ಪದರ ಬಳಿದರು. ಗೋಡೆಯ ಬುಡದಲ್ಲಿ ಕಟ್ಟಿದ ಮೇಸ್ತ್ರಿ ಇಟ್ಟುಹೋಗಿದ್ದ ನಾಲ್ಕು ಕೊಳವೆಗಳಿದ್ದವು, ಅವುಗಳ ಮುಂದೆ ಹೊರಗೆ ಹರಿಯುವ ಸಣ್ಣ ಕಾಲುವೆಯಿತ್ತು. ‘ನೀರು ಬರುವುದೇ ಇಲ್ಲಿಂದ ಸ್ವಾಮಿ’ ಎಂದು ಅವನ್ನೂ ಸಿಮೆಂಟಿನಿಂದ ಮುಚ್ಚಿದರು. ಗೋಡೆ ಹೊಸ ತಟ್ಟೆಯಂತೆ ಹೊಳೆಯಿತು. ನಾನೂ ನಾಲ್ಕು ಜನರನ್ನು ಕರೆದು ತೋರಿಸಿದೆ.

ಜುಲೈ ಕಳೆಯಿತು, ಗೋಡೆ ಒಣಗಿಯೇ ಇತ್ತು. ಆದರೆ ನಮ್ಮ ಕಡೆ ಗೋಡೆಯ ಪರೀಕ್ಷೆ ನಡೆಯುವುದು ಜುಲೈಯಲ್ಲಲ್ಲ. ನೈರುತ್ಯ ಮಳೆಯ ದೊಡ್ಡ ಪಾಲನ್ನು ಗೂಡಲೂರು, ಅವಲಾಂಚಿ ಕಡೆಯವರು ಪಡೆಯುತ್ತಾರೆ. ಕೆತ್ತಿ, ಕೂನೂರು ಕಡೆಗೆ ಹಿಂಗಾರೇ ಭಾರಿ. 2009ರ ನವೆಂಬರ್ 10ರಂದು ಕೆತ್ತಿಯಲ್ಲಿ 24 ಗಂಟೆಗಳಲ್ಲಿ 820 ಮಿಲಿಮೀಟರ್ ಮಳೆ ದಾಖಲಾಯಿತು. ಆ ವಾರ ಜಿಲ್ಲೆಯಲ್ಲಿ ಗುಡ್ಡ ಕುಸಿದು 40ಕ್ಕೂ ಹೆಚ್ಚು ಜನ ತೀರಿಹೋದರು. ಅದಕ್ಕೂ ಹಿಂದೆ, 1978 ಮತ್ತು 1979ರಲ್ಲಿ ಕುಸಿದದ್ದೂ ನವೆಂಬರಿನಲ್ಲೇ. ನಮ್ಮ ಗೋಡೆಗೂ ನವೆಂಬರ್ ಬಂತು. ಬಳಿದ ಪದರದಿಂದ ಒಂದು ಹನಿಯೂ ಜಿನುಗಲಿಲ್ಲ. ಆದರೆ ಒಂದು ಬೆಳಿಗ್ಗೆ ನೋಡಿದರೆ ಸೊಂಟದೆತ್ತರದಲ್ಲಿ ಈ ಮೂಲೆಯಿಂದ ಆ ಮೂಲೆಗೆ ಅಡ್ಡಬಿರುಕು. ದಾರ ಹಿಡಿದು ನೋಡಿದೆ, ಗೋಡೆಯ ನಡು ಒಳಕ್ಕೆ ಒಂದು ಬೆರಳಿನಷ್ಟು ಉಬ್ಬಿತ್ತು. ಅದೇ ಗೋಡೆಯ ಪಕ್ಕದಲ್ಲಿ ನನ್ನ ಮಗನ ಮಂಚವಿತ್ತು.

ಹಟ್ಟಿಯ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆತಂದೆವು. ಅವರು ಮಾತಿಲ್ಲದೆ ಮಂಚವನ್ನು ಆಚೆ ಹಾಕಿಸಿ, ಮುಚ್ಚಿದ ಕೊಳವೆಗಳಲ್ಲಿ ಒಂದನ್ನು ಉಳಿಯಿಂದ ಒಡೆದರು. ನೀರು ಸೊಂಟದಷ್ಟು ದೂರ ಚಿಮ್ಮಿತು. ನಾಲ್ಕನ್ನೂ ಒಡೆದ ಮೇಲೂ ಎರಡು ಗಂಟೆಗೂ ಮಿಕ್ಕಿ ಹರಿಯಿತು.

ಇದರ ಲೆಕ್ಕ ಕಷ್ಟದ್ದಲ್ಲ. ಒಂದು ಮೀಟರ್ ಎತ್ತರಕ್ಕೆ ನಿಂತ ನೀರು ತನ್ನ ಬುಡದಲ್ಲಿ ಚದರ ಮೀಟರಿಗೆ ಸುಮಾರು ಒಂದು ಟನ್ ಒತ್ತುತ್ತದೆ, ಎರಡು ಮೀಟರ್ ನಿಂತರೆ ಎರಡು ಟನ್. ಈ ಒತ್ತಡ ಮಣ್ಣಿನ ಒತ್ತಡದ ಜೊತೆಗೆ ಸೇರುತ್ತದೆ. ನಮ್ಮ ಕೆಂಪುಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು, ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಅಡಿಯಲ್ಲಿ ಬಂಡೆ ಸಿಕ್ಕರೆ ನೀರು ಬಂಡೆಯ ಮೇಲೆಯೇ ಜಾರಿ ಗೋಡೆಯ ಬೆನ್ನಿಗೆ ಬಂದು ನಿಲ್ಲುತ್ತದೆ. ಬುಡದ ಕೊಳವೆ ಅದಕ್ಕೆ ದಾರಿ. ಕೂನೂರಿನ ರಸ್ತೆಯಲ್ಲಿ ಹೋಗುವಾಗ ತಡೆಗೋಡೆಗಳನ್ನು ನೋಡಿ, ಸಾಲಾಗಿ ಕಿಂಡಿಗಳಿರುತ್ತವೆ. 1908ರಲ್ಲಿ ಉದಕಮಂಡಲದವರೆಗೆ ಬಂದ ನಮ್ಮ ಮಲೆರೈಲಿನ ಹಳಿಯನ್ನೂ ನೋಡಿ, ಗುಡ್ಡ ಕಡಿದ ಕಡೆಯಲ್ಲಿ ಪಕ್ಕದಲ್ಲೇ ಚರಂಡಿ ಓಡುತ್ತದೆ. ಅವರು ಯಾರೂ ಗುಡ್ಡದ ನೀರನ್ನು ನಿಲ್ಲಿಸಲು ಹೋಗಲಿಲ್ಲ, ಬೇರೆ ಕಡೆ ಕಳಿಸಿದರು. ಒಳಗಿನಿಂದ ಬಳಿಯುವ ಪದರ ಸುಳ್ಳೆಂದು ನಾನು ಹೇಳುತ್ತಿಲ್ಲ. ಕಾಂಕ್ರೀಟ್ ಗೋಡೆಗೆ, ಹಿಂದೆ ನೀರಿನ ದಾರಿ ಇರುವಾಗ, ಅದು ಸಹಾಯಕವೇ. ದಾರಿ ಮುಚ್ಚಿ ಬಳಿದರೆ ಅಪಾಯ.

ನಾನು ಗ್ಯಾರಂಟಿ ಕಾಗದ ತೆಗೆದು ಓದಿದ್ದು ಆಮೇಲೆ. ‘ಬಳಿದ ಪದರ ಕಿತ್ತುಬಂದಲ್ಲಿ ಮತ್ತೆ ಬಳಿದುಕೊಡಲಾಗುವುದು’ ಎಂದಿತ್ತು. ಪದರ ಕಿತ್ತುಬಂದಿರಲೇ ಇಲ್ಲವಲ್ಲ! ಗೋಡೆ ಬಿದ್ದರೂ ಅವರ ಮಾತು ನಿಲ್ಲುತ್ತಿತ್ತು.

ಎಲ್ಲ ತೇವವೂ ಗುಡ್ಡದ್ದಲ್ಲ. ನಮ್ಮ ಬೀದಿಯ ಒಂದು ಮನೆಯಲ್ಲಿ ಅಜ್ಜಿಯ ಕೋಣೆ ಸದಾ ಒದ್ದೆ. ಎರಡು ಸಲ ಬಳಿಸಿ ಹಣ ಕಳೆದುಕೊಂಡರು. ಕೊನೆಗೆ ಯಾರೋ ಹೇಳಿದ ಸುಲಭ ಪರೀಕ್ಷೆ ಮಾಡಿದರು: ಒಂದು ಮೊಳದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡುವುದು. ಹಾಳೆಯ ಹಿಂದೆ, ಅಂದರೆ ಗೋಡೆಯ ಕಡೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ನಮ್ಮ ಕಡೆ ಹನಿ ಕಟ್ಟಿದರೆ ಅದು ಕೋಣೆಯ ಗಾಳಿಯ ತೇವ. ಅಲ್ಲಿ ಹನಿ ಕಟ್ಟಿದ್ದು ನಮ್ಮ ಕಡೆ. ಮುಚ್ಚಿದ ಕೋಣೆ, ಪಕ್ಕದ ಬಚ್ಚಲಿನ ಬಿಸಿನೀರಿನ ಹಬೆ, ಒಳಗೇ ಒಣಹಾಕಿದ ಬಟ್ಟೆ, ತಣ್ಣನೆಯ ಗೋಡೆ. ಒಂದು ಗವಾಕ್ಷಿ ತೆಗೆಸಿದ ಮೇಲೆ ಸಾಕಷ್ಟು ಹಗುರವಾಯಿತು. ಇನ್ನೊಂದು ಮನೆಯಲ್ಲಿ ಒಂದು ಹನಿ ಮಳೆಯಿಲ್ಲದ ಫೆಬ್ರುವರಿಯಲ್ಲೂ ಗೋಡೆ ಒದ್ದೆ. ಮೇಲಿನ ಮನೆಯವರ ಬಚ್ಚಲಿಗೆ ಬಣ್ಣದ ಪುಡಿ ಹಾಕಿ ನೀರು ಬಿಟ್ಟರು, ಮೂರನೆಯ ದಿನ ಬಣ್ಣ ಇವರ ಗೋಡೆಯಲ್ಲಿ ಕಂಡಿತು. ಅಲ್ಲಿ ಬೇಕಾಗಿದ್ದದ್ದು ಒಡೆದ ಪೈಪಿನ ರಿಪೇರಿ, ಮತ್ತು ನೆರೆಯವರೊಡನೆ ಸ್ವಲ್ಪ ತಾಳ್ಮೆಯ ಮಾತು.

ಆದ್ದರಿಂದ ಕಾಂಟ್ರಾಕ್ಟರು ಬಂದಾಗ ದರ ಕೇಳುವ ಮೊದಲು ಎರಡು ಪ್ರಶ್ನೆ ಕೇಳಿ. ನೀರು ಎಲ್ಲಿಂದ ಬರುತ್ತಿದೆ? ಅದನ್ನು ಎಲ್ಲಿಗೆ ಕಳಿಸುತ್ತೀರಿ? ಮನೆಯ ಹಿಂದಿನ ಗುಡ್ಡ ಹತ್ತಿ ನೋಡದೆ ಉತ್ತರ ಹೇಳುವವರಿಗೆ ಒಂದು ಲೋಟ ಚಹಾ ಕೊಟ್ಟು ಕಳಿಸಿಬಿಡಿ.

ನಮ್ಮ ಮನೆಯಲ್ಲಿ ಕೊನೆಗೆ ಮಾಡಿದ ಕೆಲಸ ಹೀಗೆ. ಇಂಜಿನಿಯರೊಬ್ಬರಿಗೆ ತೋರಿಸಿ, ಮಳೆ ಪೂರ್ತಿ ನಿಂತ ಮೇಲೆ, ಜನವರಿ ಕೊನೆಗೆ ಗೋಡೆಯ ಹಿಂದೆ ಕೈಯಿಂದಲೇ ಅಗೆಸಿದೆವು. ಒಂದೇ ಸಲ ಪೂರ್ತಿ ಉದ್ದ ತೆರೆಯಲಿಲ್ಲ. ನಾಲ್ಕು ನಾಲ್ಕು ಅಡಿ ತೆರೆದು, ಹಲಗೆ ಆನಿಸಿ, ಮುಗಿಸಿ ಮುಚ್ಚಿ ಮುಂದಕ್ಕೆ ಹೋದರು. ಒಮ್ಮೆಲೇ ಅಗೆದರೆ ಮಣ್ಣು ಕೆಲಸದವರ ಮೇಲೆಯೇ ಕುಸಿಯುತ್ತದೆ. ಯಂತ್ರ ತರಿಸುವುದಾದರೆ ಈ ಜಿಲ್ಲೆಯಲ್ಲಿ ಅಧಿಕಾರಿಗಳ ಅನುಮತಿ ಬೇಕೆಂಬುದನ್ನೂ ಮರೆಯಬೇಡಿ. ಗೋಡೆಯ ಹೊರಮೈಗೆ ಟಾರಿನ ಲೇಪ, ಬುಡದಲ್ಲಿ ತೂತು ಕೊರೆದ ಪೈಪು, ಸುತ್ತ ಜಲ್ಲಿ, ಜಲ್ಲಿಗೆ ಮಣ್ಣು ಸೇರದಂತೆ ಸೋಸುಬಟ್ಟೆ. ಪೈಪಿಗೆ ನೂರು ಅಡಿಗೆ ಒಂದು ಅಡಿ ಇಳಿಜಾರು. ನೀರನ್ನು ಪಂಚಾಯತಿ ಚರಂಡಿಯವರೆಗೆ ಒಯ್ದೆವು. ಕೆಳಗಿನ ಮನೆಯವರ ಹಿಂಗೋಡೆಗೆ ಬಿಟ್ಟಿದ್ದರೆ ನನ್ನ ಕಷ್ಟ ಅವರದಾಗುತ್ತಿತ್ತು.

ಹಣದ ವಿಚಾರದಲ್ಲಿ ಈ ಬಾರಿ ಜಾಣರಾದೆವು. ಏನು ಕೆಲಸ, ಯಾವ ಸಾಮಾನು, ಎಷ್ಟು ಆಳ ಎಂಬುದೆಲ್ಲ ಬರಹದಲ್ಲಿ. ತೆರೆದ ಗುಂಡಿಯ ಫೋಟೋ, ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲವಲ್ಲ. ನೂರಕ್ಕೆ ಇಪ್ಪತ್ತರಷ್ಟು ಹಣ ನವೆಂಬರ್ ಕಳೆದ ಮೇಲೆ. ಇದಕ್ಕೆ ಒಪ್ಪದೆ ಇಬ್ಬರು ಹೋದರು, ಮೂರನೆಯವರು ಒಪ್ಪಿದರು. ಹಣ ಪಡೆದು ಕೆಟ್ಟ ಕೆಲಸ ಮಾಡಿದವರ ಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 2019ರ ಕಾಯಿದೆಯಂತೆ ಎರಡು ವರ್ಷದೊಳಗೆ ಕೊಡಬೇಕು, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ನನ್ನ ಬಳಿ ಮುಂಗಡದ ರಸೀದಿಯೇ ಇರಲಿಲ್ಲ, ಹಾಗಾಗಿ ನಾನು ಹೋಗಲಿಲ್ಲ.

ಬಿರುಕಿನ ಮೇಲೆ ಮೇಸ್ತ್ರಿ ಎರಡು ಗಾಜಿನ ಪಟ್ಟಿಗಳನ್ನು ಗಾರೆಯಲ್ಲಿ ಕೂರಿಸಿ ತಾರೀಖು ಬರೆದುಹೋಗಿದ್ದಾರೆ. ಗೋಡೆ ಮತ್ತೆ ಅಲುಗಿದರೆ ಗಾಜು ಮುರಿಯುತ್ತದೆ. ಹೋದ ಹಿಂಗಾರಿನಲ್ಲಿ ಮುರಿಯಲಿಲ್ಲ. ಆದರೂ ಮಗನ ಮಂಚ ಇನ್ನೂ ಮೇಲಿನ ಕೋಣೆಯಲ್ಲೇ ಇದೆ. ಇನ್ನೊಂದು ನವೆಂಬರ್ ನೋಡಿ ಕೆಳಗಿಳಿಸೋಣ ಎಂದು ಅವನ ತಾಯಿ ಹೇಳಿದ್ದಾಳೆ.