ಡಾಕ್ಟರಿಗೂ ನರ್ಸಿಗೂ ಮದುವೆ ಮಾಡಿಸಲು ಹೊರಟವರು

ಸೀರಿಯಲ್ಲಿನ ಆಸ್ಪತ್ರೆಯಲ್ಲಿ ರೋಗಿ ಉಳಿದನೋ ಇಲ್ಲವೋ ಎಂಬುದು ಹೆಚ್ಚೆಂದರೆ ಒಂದೆರಡು ಸಂಚಿಕೆಯಲ್ಲಿ ತಿಳಿದುಬಿಡುತ್ತದೆ. ತಿಳಿಯದೆ ವರ್ಷಗಟ್ಟಲೆ ಎಳೆಯುವುದು ಇನ್ನೊಂದು ಪ್ರಶ್ನೆ. ಆ ಡಾಕ್ಟರಿಗೂ ಈ ನರ್ಸಿಗೂ ಕೊನೆಗೆ ಕೂಡಿಬರುತ್ತದೋ ಇಲ್ಲವೋ? ಕೇಳುಗ ಮಿತ್ರರೇ, ಮುಂಬಯಿ ಲೋಕಲ್‌ನ ಹೆಂಗಸರ ಡಬ್ಬಿಯಲ್ಲೋ, ಪುಣೆಯ ಯಾವುದಾದರೂ ಹಾಸ್ಟೆಲ್ಲಿನ ಟೀವಿ ಕೋಣೆಯಲ್ಲೋ ಈ ಪ್ರಶ್ನೆಯ ಮೇಲೆ ನಡೆಯುವ ಜಗಳ ನಿಮ್ಮ ಕಿವಿಗೂ ಬಿದ್ದಿರುತ್ತದೆ. ಮನೆಯ ಹುಡುಗಿಗೆ ಗಂಡು ನೋಡುವಾಗ ಕೂಡ ಅಷ್ಟು ವಾದವಾಗಿರುವುದಿಲ್ಲ.

ತೆರೆಯ ಮೇಲಿನ ಇಬ್ಬರು ಒಂದಾಗಲಿ ಎಂದು ಹರಕೆ ಹೊತ್ತವರಂತೆ ಕಾಯುವುದಕ್ಕೆ ಇಂಗ್ಲಿಷಿನಲ್ಲಿ ಶಿಪ್ಪಿಂಗ್ ಎಂದು ಹೆಸರು. ಹಡಗಿಗೂ ಇದಕ್ಕೂ ಸಂಬಂಧವಿಲ್ಲ, ರಿಲೇಶನ್‌ಶಿಪ್ ಎಂಬ ಪದದ ಬಾಲವನ್ನು ಕತ್ತರಿಸಿ ಮಾಡಿಕೊಂಡದ್ದು. 1993ರಲ್ಲಿ ಅಮೆರಿಕದಲ್ಲಿ ಶುರುವಾದ 'ಎಕ್ಸ್ ಫೈಲ್ಸ್' ಎಂಬ ನಿಗೂಢ ಧಾರಾವಾಹಿಯ ಅಭಿಮಾನಿಗಳಲ್ಲಿ ಎರಡು ಪಂಗಡಗಳಿದ್ದವು. ಮುಲ್ಡರ್ ಮತ್ತು ಸ್ಕಲಿ ಎಂಬ ಇಬ್ಬರು ಅಧಿಕಾರಿಗಳು ಪ್ರೀತಿಸಬೇಕು ಎನ್ನುವವರದು ಒಂದು, ಬೇಡವೇ ಬೇಡ ಎನ್ನುವವರದು ಇನ್ನೊಂದು. ಮೊದಲಿನವರು ತಮ್ಮನ್ನು ಶಿಪ್ಪರ್‌ಗಳೆಂದು ಕರೆದುಕೊಂಡರು. ಪದ ಹುಟ್ಟಿದ್ದು ಹಾಗೆ. ಅಭ್ಯಾಸ ಮಾತ್ರ ಪದಕ್ಕಿಂತ ಹಳೆಯದು. ಅದು ಅತ್ಯಂತ ಹುಲುಸಾಗಿ ಬೆಳೆದದ್ದು ಆಸ್ಪತ್ರೆಯ ಕಥೆಗಳಲ್ಲಿ.

ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ 'ಇ.ಆರ್.' ಎಂಬ ಧಾರಾವಾಹಿ. ಎಮರ್ಜೆನ್ಸಿ ರೂಮ್ ಎಂಬುದರ ಮೊದಲಕ್ಷರಗಳು ಅವು. ಮೈಕೇಲ್ ಕ್ರೈಟನ್ ಬರೆದ ಕಥೆ, ಷಿಕಾಗೊದ ಒಂದು ಸರ್ಕಾರಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ನಡೆಯುವಂಥದು. 1994ರ ಸೆಪ್ಟೆಂಬರ್ 19ರಂದು ಎನ್‌ಬಿಸಿ ಚಾನೆಲ್ಲಿನಲ್ಲಿ ಪ್ರಾರಂಭವಾಗಿ 15 ವರ್ಷ ಓಡಿತು. ಅದರಲ್ಲಿ ಮಕ್ಕಳ ಡಾಕ್ಟರು ಡಗ್ ರಾಸ್ ಪಾತ್ರದಲ್ಲಿ ಜಾರ್ಜ್ ಕ್ಲೂನಿ, ವಿಭಾಗದ ಹಿರಿಯ ನರ್ಸ್ ಕ್ಯಾರಲ್ ಹ್ಯಾಥವೇ ಪಾತ್ರದಲ್ಲಿ ಜೂಲಿಯಾನಾ ಮಾರ್ಗುಲೀಸ್. ಕಥೆ ತೆರೆಯುವ ಹೊತ್ತಿಗೆ ಇವರಿಬ್ಬರ ಪ್ರೀತಿ ಮುಗಿದುಹೋಗಿದೆ. ಡಗ್ ಹೆಣ್ಣುಗಳ ವಿಷಯದಲ್ಲಿ ನಂಬಿಕೆಗೆ ಅರ್ಹನಲ್ಲದ ಮನುಷ್ಯ.

ಮೊದಲ ಸಂಚಿಕೆಯಲ್ಲೇ ಕ್ಯಾರಲ್ ಗುಳಿಗೆ ನುಂಗಿ, ತಾನೇ ಕೆಲಸ ಮಾಡುವ ವಿಭಾಗಕ್ಕೆ ಸ್ಟ್ರೆಚರಿನ ಮೇಲೆ ಬರುತ್ತಾಳೆ. ಬರೆದವರ ಲೆಕ್ಕದಲ್ಲಿ ಅವಳು ಅಲ್ಲೇ ಸಾಯಬೇಕಿತ್ತು. ಆದರೆ ಪ್ರಸಾರಕ್ಕೆ ಮುಂಚೆ ಆಯ್ದ ಪ್ರೇಕ್ಷಕರಿಗೆ ತೋರಿಸಿ ನೋಡಿದಾಗ ಅವಳ ಮೇಲೆ ಜನರಿಗೆ ಎಲ್ಲಿಲ್ಲದ ಅಕ್ಕರೆ ಕಂಡುಬಂತು. ನಿರ್ಮಾಪಕರು ಮನಸ್ಸು ಬದಲಾಯಿಸಿದರು. ಬೇರೆ ಕೆಲಸ ಒಪ್ಪಿಕೊಳ್ಳಬೇಡ, ನಿನ್ನ ಪಾತ್ರ ಉಳಿಯುವ ಹಾಗಿದೆ ಎಂದು ಕ್ಲೂನಿಯೇ ಫೋನ್ ಮಾಡಿ ತಿಳಿಸಿದ್ದನ್ನು ಮಾರ್ಗುಲೀಸ್ ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದಾರೆ. 1995ರಲ್ಲಿ ಅದೇ ಪಾತ್ರಕ್ಕೆ ಅವರಿಗೆ ಎಮ್ಮಿ ಪ್ರಶಸ್ತಿಯೂ ಬಂತು. ನೋಡುವವರ ಒಲವು ಒಂದು ಪಾತ್ರವನ್ನು ಸಾವಿನಿಂದ ಎಳೆದು ತಂದದ್ದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ. ಸಾವಿತ್ರಿಯ ಕೆಲಸವನ್ನು ಇಲ್ಲಿ ಪ್ರೇಕ್ಷಕರು ಮಾಡಿದರು ಎನ್ನಿ.

ಬದುಕಿಸಿಕೊಂಡವಳಿಗೆ ಒಂದು ಒಳ್ಳೆಯ ಬಾಳು ಕಾಣಬೇಕೆಂಬ ಆಸೆ ಸಹಜ. ಕ್ಯಾರಲ್‌ಗೆ ಇನ್ನೊಬ್ಬ ಡಾಕ್ಟರೊಂದಿಗೆ ಮದುವೆ ಗೊತ್ತಾಯಿತು. 1995ರ ಮೇ ತಿಂಗಳ ಸಂಚಿಕೆಯಲ್ಲಿ, ಮದುವೆಯ ದಿನವೇ, ನಾನು ನಿನ್ನನ್ನು ಪ್ರೀತಿಸುವಷ್ಟು ನೀನು ನನ್ನನ್ನು ಪ್ರೀತಿಸುತ್ತಿಲ್ಲ ಎಂದು ವರ ಹಿಂದೆ ಸರಿದ. ಡಗ್ ಪರವಾದವರಿಗೆ ಅಂದು ಹಬ್ಬ. ಮಧ್ಯೆ ಆಂಬುಲೆನ್ಸಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಬಂದು ಹೋದ. ಡಗ್‌ನೂ ಕ್ಯಾರಲ್‌ಳೂ ಮತ್ತೆ ಹತ್ತಿರವಾದದ್ದು 1997ರ ಮೇ ತಿಂಗಳಲ್ಲಿ. ಲೆಕ್ಕ ಹಾಕಿ, ಒಂದು ಮುತ್ತಿಗಾಗಿ ಸುಮಾರು ಮೂರು ವರ್ಷದ ಕಾಯುವಿಕೆ!

ಈ ಮೂರು ವರ್ಷದಲ್ಲಿ ಕ್ಯಾರಲ್ ಬೇರೆಯದೂ ಮಾಡಿದಳು. ಮೆಡಿಕಲ್ ಕಾಲೇಜಿನ ಪ್ರವೇಶ ಪರೀಕ್ಷೆ ಬರೆದು ಚೆನ್ನಾಗಿ ಪಾಸಾದಳು, ಆದರೂ ಯೋಚಿಸಿ ನರ್ಸಾಗಿಯೇ ಉಳಿದಳು. ನನ್ನ ಮಟ್ಟಿಗೆ ಇಡೀ ಧಾರಾವಾಹಿಯ ಅತ್ಯುತ್ತಮ ತಿರುವುಗಳಲ್ಲಿ ಅದೊಂದು. ನರ್ಸೆಂದರೆ ಡಾಕ್ಟರಾಗಲು ಆಗದವಳು ಎಂಬ ಮಾತನ್ನು ಅದು ಸದ್ದಿಲ್ಲದೆ ಬದಿಗಿಟ್ಟಿತು. ಆದರೆ ಜೋಡಿಯ ಅಭಿಮಾನಿಗಳ ಮಾತಿನಲ್ಲಿ ಇದರ ಪ್ರಸ್ತಾಪ ಅಪರೂಪ. ಇಬ್ಬರು ಕೂಡುವುದನ್ನೇ ಎದುರುನೋಡುವ ಕಣ್ಣಿಗೆ ಒಬ್ಬಳೇ ನಿಂತ ದೃಶ್ಯ ಮಸುಕಾಗಿ ಕಾಣುತ್ತದೆ.

ಆಸ್ಪತ್ರೆಯೇ ಏಕೆ? ಬ್ಯಾಂಕಿನಲ್ಲೂ ಅಂಚೆ ಕಚೇರಿಯಲ್ಲೂ ಪ್ರೀತಿ ಹುಟ್ಟುತ್ತದಲ್ಲ? ಮೊದಲನೆಯದಾಗಿ, ಅಲ್ಲಿ ರಾತ್ರಿ ಪಾಳಿ ಇದೆ. ಗಂಡು ಹೆಣ್ಣು ಅಪರಾತ್ರಿಯಲ್ಲಿ ಒಂದೇ ಕಡೆ ಇರುವುದಕ್ಕೆ ಕಥೆಗಾರ ನೆಪ ಹುಡುಕಬೇಕಿಲ್ಲ, ಯಾವ ಅತ್ತೆಯೂ ಪ್ರಶ್ನಿಸುವಂತಿಲ್ಲ. ಇನ್ನೊಂದು ಕಾರಣ ಭಯ. 1974ರಲ್ಲಿ ಡಟನ್ ಮತ್ತು ಆರನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕೆನಡಾದ ವ್ಯಾಂಕೂವರ್ ಬಳಿ ನಡೆಸಿದ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಕಮರಿಯ ಮೇಲೆ ತೂಗಾಡುವ ಕ್ಯಾಪಿಲಾನೊ ತೂಗುಸೇತುವೆಯನ್ನು ದಾಟುತ್ತಿದ್ದ ಗಂಡಸರನ್ನು ಒಬ್ಬಾಕೆ ತಡೆದು ಕೆಲವು ಪ್ರಶ್ನೆ ಕೇಳಿ, ಏನಾದರೂ ಕೇಳುವುದಿದ್ದರೆ ಇರಲಿ ಎಂದು ಫೋನ್ ನಂಬರ್ ಕೊಟ್ಟಳು. ಗಟ್ಟಿಯಾದ ಸಾಧಾರಣ ಸೇತುವೆಯ ಮೇಲೂ ಹಾಗೆಯೇ ಮಾಡಿದರು. ಅಲುಗುವ ಸೇತುವೆಯ ಗಂಡಸರೇ ಹೆಚ್ಚು ಮಂದಿ ಫೋನ್ ಮಾಡಿದರು. ಎದೆ ಹೊಡೆದುಕೊಂಡದ್ದು ಸೇತುವೆಗೋ ಹೆಣ್ಣಿಗೋ ಎಂಬುದು ಅವರಿಗೇ ಗೊಂದಲ ಎಂದು ಸಂಶೋಧಕರು ವಿವರಿಸಿದರು. ನನಗನ್ನಿಸುವುದು, ಆಸ್ಪತ್ರೆಯ ಸೀರಿಯಲ್ಲು ನೋಡುವವರನ್ನೂ ಅಂಥದೇ ಸೇತುವೆಯ ಮೇಲೆ ನಿಲ್ಲಿಸುತ್ತದೆ. ಮಾನಿಟರಿನ ಗೆರೆ ಸಪಾಟಾಗಿ ನಮ್ಮ ಎದೆ ಡವಗುಟ್ಟುವ ಹೊತ್ತಿಗೇ ಕ್ಯಾಮೆರಾ ಆ ಇಬ್ಬರ ಕಣ್ಣುಗಳತ್ತ ತಿರುಗುತ್ತದೆ.

ಹಾಗಾದರೆ ಬೇಗ ಒಂದುಗೂಡಿಸಿದರೆ ಏನು ಕಷ್ಟ? ಇಲ್ಲಿ ವ್ಯಾಪಾರದ ಲೆಕ್ಕ ಬರುತ್ತದೆ. 1985ರಿಂದ 89ರವರೆಗೆ ಪ್ರಸಾರವಾದ 'ಮೂನ್‌ಲೈಟಿಂಗ್' ಎಂಬ ಪತ್ತೇದಾರಿ ಧಾರಾವಾಹಿಯಲ್ಲಿ ನಾಯಕ ನಾಯಕಿಯರು 1987ರಲ್ಲಿ ಒಂದಾದರು, ಆಮೇಲೆ ಜನಪ್ರಿಯತೆ ಇಳಿಯಿತು. ಅಂದಿನಿಂದ 'ಜೋಡಿ ಕೂಡಿತು, ಕಥೆ ಸತ್ತಿತು' ಎಂಬುದು ಟೀವಿಯವರಿಗೆ ಗಾದೆಯಂತಾಯಿತು. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನಾಯಕಿ ಸಿಬಿಲ್ ಶೆಫರ್ಡ್ ಬಸುರಿ, ನಾಯಕ ಬ್ರೂಸ್ ವಿಲಿಸ್ ಸಿನಿಮಾದಲ್ಲಿ ತೊಡಗಿದ್ದರು, 1988ರಲ್ಲಿ ಬರಹಗಾರರ ಮುಷ್ಕರ ಬೇರೆ. ತಪ್ಪನ್ನೆಲ್ಲ ಮುತ್ತಿನ ಮೇಲೆ ಹೊರಿಸಿದ್ದು ಅನ್ಯಾಯ. ಆದರೂ ಭಯ ಉಳಿಯಿತು.

ಆ ಭಯದ ನೆರಳು ಬಿದ್ದ ವೈದ್ಯಕೀಯ ಕಥೆ 'ಹೌಸ್', 2004ರಿಂದ 2012ರವರೆಗೆ ಬಂದದ್ದು. ತೊಡೆಯ ನೋವಿಗೆ ಮಾತ್ರೆ ನುಂಗುತ್ತ ಅದಕ್ಕೇ ದಾಸನಾದ ಮಹಾಬುದ್ಧಿವಂತ ಡಾಕ್ಟರು ಹೌಸ್, ಅವನನ್ನು ಅಂಕೆಯಲ್ಲಿಡಲು ಹೆಣಗುವ ಆಸ್ಪತ್ರೆಯ ಮುಖ್ಯಸ್ಥೆ ಕಡಿ. ಅಭಿಮಾನಿಗಳು ಇಬ್ಬರ ಹೆಸರನ್ನೂ ಬೆಸೆದು 'ಹಡಿ' ಎಂದು ಕರೆದರು. ಹಿಂದಿ ಕೇಳಿ ಕೇಳಿ ಪಳಗಿದ ನಮಗೆ ಅದು ಮೂಳೆಯ ಹೆಸರಿನಂತೆ ಕೇಳುತ್ತದೆ, ಆಸ್ಪತ್ರೆಯ ಜೋಡಿಗೆ ಒಪ್ಪುತ್ತದೆ ಬಿಡಿ. ಹೌಸ್‌ಗೆ ಕಿರಿಯ ಡಾಕ್ಟರು ಕ್ಯಾಮರನ್ ಸರಿಜೋಡಿ ಎನ್ನುವ ಇನ್ನೊಂದು ಪಂಗಡವೂ ಇತ್ತು, ಇಬ್ಬರಿಗೂ ಆಗದು.

ಆರು ವರ್ಷ ಎಳೆದು 2010ರಲ್ಲಿ ಹೌಸ್ ಮತ್ತು ಕಡಿಯನ್ನು ಕೂಡಿಸಿದರು. 2011ರ ಮಾರ್ಚ್‌ನಲ್ಲಿ ಬೇರ್ಪಡಿಸಿದರು. ಬೇರ್ಪಡಿಸಿದ ಬಗೆ ಗಮನಿಸುವಂಥದು. ಕಡಿಗೆ ಮೂತ್ರಪಿಂಡದ ಕ್ಯಾನ್ಸರ್ ಇರಬಹುದೆಂಬ ಶಂಕೆ. ಅವಳ ಹಾಸಿಗೆಯ ಪಕ್ಕ ಕೂರುವ ಧೈರ್ಯ ಹೌಸ್‌ಗಿಲ್ಲ. ಕೊನೆಗೆ ಬಂದು ಕೂತ. ಆದರೆ ಬಿಟ್ಟಿದ್ದ ಮಾತ್ರೆಯನ್ನು ಮತ್ತೆ ನುಂಗಿ ಬಂದಿದ್ದ. ಅದು ತಿಳಿದ ದಿನ ಕಡಿ ಸಂಬಂಧ ಕಡಿದುಕೊಂಡಳು. ಮೇ ತಿಂಗಳಲ್ಲಿ ಅವನು ಸಿಟ್ಟಿನಿಂದ ಕಾರನ್ನು ಅವಳ ಊಟದ ಕೋಣೆಗೇ ನುಗ್ಗಿಸಿದ. ಅಷ್ಟರಲ್ಲಿ ಕಡಿಯ ಪಾತ್ರ ಮಾಡುತ್ತಿದ್ದ ಲೀಸಾ ಎಡೆಲ್‌ಸ್ಟೀನ್ ಧಾರಾವಾಹಿಯನ್ನೇ ಬಿಟ್ಟರು. ಕೊನೆಯ ವರ್ಷದಲ್ಲಿ ಕಡಿಯ ಸುಳಿವೇ ಇಲ್ಲ.

ಜೋಡಿಯ ಅಭಿಮಾನಿಗಳು ಕೆರಳಿದರು, ಕಥೆಗಾರರು ಪ್ರೀತಿಗೆ ಮೋಸ ಮಾಡಿದರೆಂದರು. ಆ ಸಂಕಟ ಅರ್ಥವಾಗುತ್ತದೆ, ಆದರೆ ನಾನು ಕಡಿಯ ಪಕ್ಷ. ಚಟಕ್ಕೆ ಬಿದ್ದ ಗಂಡಸನ್ನು ಒಬ್ಬ ಹೆಣ್ಣಿನ ಪ್ರೀತಿ ನೆಟ್ಟಗೆ ಮಾಡುತ್ತದೆ ಎಂದು ನಂಬಿ ಕೈಸುಟ್ಟುಕೊಂಡ ಮನೆಗಳನ್ನು ನಾವು ನೀವು ಎಲ್ಲರೂ ಕಂಡಿದ್ದೇವೆ. ಜೋಡಿ ಉಳಿಯಲಿ ಎನ್ನುವವರು ಆ ಮನೆಯ ಬಾಗಿಲನ್ನು ಹೊರಗಿನಿಂದ ಭದ್ರಮಾಡುತ್ತಿರುತ್ತಾರೆ, ತಮಗೇ ಗೊತ್ತಿಲ್ಲದೆ. ಗೋಡೆ ಒಡೆದ ಮೇಲೂ ಅವಳು ಹಿಂತಿರುಗಲಿ ಎಂದವರಿದ್ದರು.

ಇನ್ನು ನಮ್ಮ ದೇಶಕ್ಕೆ ಬರೋಣ. ಆ ಕಾಲದ ಅಮೆರಿಕದ ಧಾರಾವಾಹಿಗೆ ವಾರಕ್ಕೊಂದು ಕಂತು, ವರ್ಷಕ್ಕೆ ಇಪ್ಪತ್ತೆರಡರ ಆಸುಪಾಸು ಇರುತ್ತಿತ್ತು. ನಮ್ಮಲ್ಲಿ ವಾರಕ್ಕೆ ನಾಲ್ಕೈದು ದಿನ. ಅಲ್ಲಿ ಮೂರು ವರ್ಷ ಎಳೆದದ್ದನ್ನು ಇಲ್ಲಿ ಕೆಲವೇ ತಿಂಗಳಲ್ಲಿ ಉಂಡು ಮುಗಿಸಬಹುದು. ಆದ್ದರಿಂದಲೇ ನಮ್ಮ ಸೀರಿಯಲ್ಲುಗಳಲ್ಲಿ ನೋಟವೊಂದನ್ನು ಮೂರು ಮೂರು ಸಲ ತಿರುಗಿಸಿ ತೋರಿಸುತ್ತಾರೆ, ಸೆರಗು ಗಡಿಯಾರಕ್ಕೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದಕ್ಕೆ ಅರ್ಧ ಕಂತು ಬೇಕು. 2002ರಲ್ಲಿ ಸ್ಟಾರ್ ಪ್ಲಸ್ಸಿನಲ್ಲಿ ಬಂದ 'ಸಂಜೀವನಿ' ಜೂಹಿ, ರಾಹುಲ್, ಸಿಮ್ರನ್, ಓಮಿ ಎಂಬ ಎಳೆಯ ಡಾಕ್ಟರುಗಳ ಕಥೆ. ಅದರ ಮುಂದುವರಿಕೆಯಾಗಿ 2007ರ ಆಗಸ್ಟ್‌ನಲ್ಲಿ ಸ್ಟಾರ್ ಒನ್‌ನಲ್ಲಿ 'ದಿಲ್ ಮಿಲ್ ಗಯೇ' ಬಂತು. ಹಿರಿಯ ವೈದ್ಯ ಶಶಾಂಕ್ ಗುಪ್ತಾ ಆಗಿ ಮೋಹನೀಶ್ ಬಹ್ಲ್ ಎರಡರಲ್ಲೂ ಇದ್ದರು. ಆದರೆ ಕಾಲೇಜು ಹುಡುಗ ಹುಡುಗಿಯರು ಸೋತದ್ದು ತುಂಟ ಡಾಕ್ಟರು ಅರ್ಮಾನ್ ಮತ್ತು ಶಿಸ್ತಿನ ಡಾಕ್ಟರು ರಿದ್ಧಿಮಾ ಜೋಡಿಗೆ.

ಇಲ್ಲಿ ಒಂದು ವಿಚಿತ್ರ ನಡೆಯಿತು. ಅರ್ಮಾನ್ ಕರಣ್ ಸಿಂಗ್ ಗ್ರೋವರ್. ರಿದ್ಧಿಮಾ ಮಾತ್ರ ಮೊದಲು ಶಿಲ್ಪಾ ಆನಂದ್, ಆಮೇಲೆ ಸುಕೀರ್ತಿ ಕಾಂಡ್‌ಪಾಲ್, ಕೊನೆಗೆ ಜೆನಿಫರ್ ವಿಂಗೆಟ್. ಹೆಸರು ಅದೇ, ಪ್ರೀತಿ ಅದೇ, ಮುಖ ಮೂರು. ಜೋಡಿಯ ಅಭಿಮಾನಿ ಆಗ ಯಾರನ್ನು ಹಿಂಬಾಲಿಸಬೇಕು, ರಿದ್ಧಿಮಾಳನ್ನೋ ಶಿಲ್ಪಾರನ್ನೋ? ಅಭಿಮಾನಿಗಳು ಮೂರು ಬಣವಾಗಿ ಒಡೆದರು, ನಮ್ಮ ರಿದ್ಧಿಮಾಳೇ ಅಸಲಿ ಎಂದು ಪ್ರತಿ ಬಣದ ವಾದ. ಎಲ್ಲರೂ ಪ್ರೀತಿಸಿದ್ದು ಕಥೆಯನ್ನೆಂದು ನಾವು ಎಣಿಸಿರುತ್ತೇವೆ. ಮುಖ ಬದಲಾದ ದಿನ, ಅವರಲ್ಲಿ ಎಷ್ಟು ಮಂದಿ ಇಬ್ಬರು ನಟರ ನಡುವೆ ಹೊಳೆದ ಏನನ್ನೋ ಪ್ರೀತಿಸಿದ್ದರು ಎಂಬುದು ಬಯಲಾಗುತ್ತದೆ. ಕನ್ನಡದಲ್ಲೂ ಇಂಥದು ಆಗಿದೆ. ಆಸ್ಪತ್ರೆಯ ಕಥೆಯಲ್ಲದಿದ್ದರೂ 'ಜೊತೆ ಜೊತೆಯಲಿ'ಯ ಆರ್ಯವರ್ಧನ್ ಪಾತ್ರದಿಂದ ಅನಿರುದ್ಧ ಅವರು 2022ರಲ್ಲಿ ಹೊರಬಂದಾಗ ಎಷ್ಟು ಮನೆಗಳಲ್ಲಿ ಮಾತು ನಡೆಯಿತೆಂಬುದು ನಿಮಗೆ ನೆನಪಿದ್ದೀತು.

ಕರಣ್ ಮತ್ತು ಜೆನಿಫರ್ 2012ರಲ್ಲಿ ನಿಜವಾಗಿಯೂ ಮದುವೆಯಾದರು, 2014ರಲ್ಲಿ ಬೇರೆಯಾದರು. ತೆರೆಯ ಜೋಡಿಗೆ ಹರಕೆ ಹೊತ್ತವರು ಆ ಹರಕೆಯನ್ನು ನಟರ ಮನೆಬಾಗಿಲಿಗೂ ಒಯ್ದುಬಿಟ್ಟರೆ, ಅದು ಅವರ ಖಾಸಗಿ ನೋವಿಗೆ ಊರೆಲ್ಲ ಪಾಲುದಾರರಾದಂತೆ. ಕಥೆ ಯಾವಾಗಲೋ ಮುಗಿದಿತ್ತು. ಸ್ಟಾರ್ ಒನ್ ಚಾನೆಲ್ಲೇ 2011ರಲ್ಲಿ ಕಣ್ಮುಚ್ಚಿತ್ತು.

'ಗ್ರೇಸ್ ಅನಾಟಮಿ'ಯ ಮೆರೆಡಿತ್ ಮತ್ತು ಡೆರೆಕ್ ಜೋಡಿಯನ್ನು ಹೇಳದೆ ಬಿಟ್ಟರೆ ಕೆಲವರು ಕೋಪಿಸಿಕೊಂಡಾರು. ಆ ಇಬ್ಬರ ಹೆಸರು ಬೆಸೆದರೆ ಇಂಗ್ಲಿಷಿನಲ್ಲಿ ಕೊಲೆ ಎಂಬಂತೆ ಕೇಳುತ್ತದೆ, 2015ರ ಏಪ್ರಿಲ್‌ನಲ್ಲಿ ಡೆರೆಕ್‌ನನ್ನು ಕಥೆಯಲ್ಲಿ ಸಾಯಿಸಿಯೂಬಿಟ್ಟರು. ಹತ್ತು ವರ್ಷ ಜೊತೆಗಿದ್ದ ಪ್ರೇಕ್ಷಕರಲ್ಲಿ ಹಲವರಿಗೆ ಅದು ಮನೆಯ ಸಾವಿನಂತೆಯೇ ತಟ್ಟಿತು.

ಇ.ಆರ್.ಗೆ ಮರಳೋಣ, ಆ ಕಥೆ ಅರ್ಧಕ್ಕೇ ನಿಂತಿದೆ. ಕ್ಲೂನಿಯ ಐದು ವರ್ಷದ ಕರಾರು 1999ಕ್ಕೆ ಮುಗಿಯಿತು. ಅವರು ಹೊರಡಲು ಕಥೆಯಲ್ಲಿ ಕಾರಣ ಬೇಕಲ್ಲ. ಗುಣವಾಗದ ಕಾಯಿಲೆಯ ಹುಡುಗನೊಬ್ಬನ ನೋವು ನೋಡಲಾರದೆ, ನೋವಿನ ಔಷಧಿ ಹರಿಸುವ ಯಂತ್ರದ ಮಿತಿಯನ್ನು ಮೀರುವ ದಾರಿಯನ್ನು ಡಗ್ ಅವನ ತಾಯಿಗೆ ತಿಳಿಸುತ್ತಾನೆ. ಹುಡುಗ ಸಾಯುತ್ತಾನೆ, ಡಗ್ ಸಿಯಾಟಲ್ ನಗರಕ್ಕೆ ಹೊರಟುಹೋಗುತ್ತಾನೆ. ಕ್ಯಾರಲ್ ಹಿಂದೆ ಹೋಗಲಿಲ್ಲ. ಆಮೇಲೆ ತಾನು ಬಸುರಿ ಎಂದು ತಿಳಿದು ಅವಳಿ ಹೆಣ್ಣುಮಕ್ಕಳನ್ನು ಒಬ್ಬಳೇ ಹೆತ್ತಳು. 2000ದಲ್ಲಿ ಮಾರ್ಗುಲೀಸ್ ಕೂಡ ಬಿಡಲು ನಿರ್ಧರಿಸಿದರು. ಇನ್ನೆರಡು ವರ್ಷ ಇರಲು ಅವರಿಗೆ 2 ಕೋಟಿ 70 ಲಕ್ಷ ಡಾಲರ್ ಕೊಡಲು ಮುಂದಾಗಿದ್ದರು, ಒಪ್ಪಲಿಲ್ಲ. ಆ ಮೇ 11ರ ಸಂಚಿಕೆಯಲ್ಲಿ ಕ್ಯಾರಲ್ ಇದ್ದಕ್ಕಿದ್ದಂತೆ ವಿಮಾನ ಹತ್ತಿ ಸಿಯಾಟಲ್‌ಗೆ ಹೋಗುತ್ತಾಳೆ. ನೀರಿನ ಅಂಚಿನಲ್ಲಿ ಒಂದು ಮನೆ, ಅಲ್ಲಿ ಡಗ್. ಕ್ಲೂನಿ ಬರುವ ವಿಷಯವನ್ನು ಗುಟ್ಟಾಗಿಟ್ಟಿದ್ದರು, ಮುಂಚಿತವಾಗಿ ಒಂದು ಜಾಹೀರಾತೂ ಇರಲಿಲ್ಲ. ಟೀವಿ ಮುಂದೆ ಕೂತವರಿಗೆ ಏನಾಗಿರಬೇಕೆಂದು ನೀವೇ ಊಹಿಸಿಕೊಳ್ಳಿ.

ಮತ್ತೆ ಅವರಿಬ್ಬರೂ ಕಂಡದ್ದು 2009ರ ಮಾರ್ಚ್ 12ರಂದು, ಧಾರಾವಾಹಿ ಮುಗಿಯಲು ಮೂರು ವಾರ ಉಳಿದಿದ್ದಾಗ. ಸಿಯಾಟಲ್‌ನ ಆಸ್ಪತ್ರೆಯಲ್ಲಿ ಇಬ್ಬರೂ ಕೆಲಸದಲ್ಲಿದ್ದಾರೆ. ಮೊಮ್ಮಗನನ್ನು ಕಳೆದುಕೊಂಡ ಅಜ್ಜಿಯ ಪಾತ್ರದಲ್ಲಿ ಸುಸಾನ್ ಸರಂಡನ್. ಅಂಗದಾನಕ್ಕೆ ಆ ಅಜ್ಜಿಯನ್ನು ಡಗ್ ಮೆಲ್ಲಗೆ ಒಪ್ಪಿಸುತ್ತಾನೆ. ಮುತ್ತಿಲ್ಲ, ಜಗಳವಿಲ್ಲ, ಹದಿನೈದು ವರ್ಷದ ಹಿಂದೆ ಗುಳಿಗೆ ನುಂಗಿದ್ದವಳು ಈಗ ಇನ್ನೊಬ್ಬರ ಜೀವಕ್ಕಾಗಿ ಓಡಾಡುತ್ತಿದ್ದಾಳೆ. ಆ ಹುಡುಗನ ಒಂದು ಮೂತ್ರಪಿಂಡ ಷಿಕಾಗೊಗೆ, ಅವರ ಹಳೆಯ ಗೆಳೆಯ ಡಾಕ್ಟರು ಕಾರ್ಟರ್‌ಗೇ ಹೋಗುತ್ತದೆ. ಅದು ನೋಡುವ ನಮಗೆ ಗೊತ್ತು. ಡಗ್‌ಗೂ ಕ್ಯಾರಲ್‌ಗೂ ತಿಳಿಯುವುದಿಲ್ಲ.