ಕಾಯುವುದೇ ಕಾಯಕ

ಕಳೆದ ಚಳಿಗಾಲದಲ್ಲಿ ಧಾರವಾಡದ ಸಪ್ತಾಪುರದ ಬೀದಿಯಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ಯಾರೋ “ಸರ್” ಎಂದು ಕರೆದರು. ಹನ್ನೆರಡು ವರ್ಷಗಳ ಹಿಂದೆ ನನ್ನ ಹತ್ತನೆಯ ತರಗತಿಯಲ್ಲಿ ಮೊದಲಿಗನಾಗಿದ್ದ ಹುಡುಗ. ಕಂಕುಳಲ್ಲಿ ಪುಸ್ತಕಗಳ ಕಟ್ಟು. ಕಿವಿಯ ಬಳಿ ಒಂದೆರಡು ನರೆಗೂದಲು. ಬಿ.ಎ. ಮುಗಿದು ಏಳು ವರ್ಷಗಳಾದುವು. ಅಂದಿನಿಂದ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿದ್ದಾನೆ.

“ಊರಿಗೆ ಹೋಗಿದ್ದೆಯೇನಪ್ಪಾ?” ಎಂದೆ.

“ದೀಪಾವಳಿಗೂ ಹೋಗಲಿಲ್ರಿ ಸರ್. ನೌಕರಿ ಏನಾತು ಅಂತ ಎಲ್ಲಾರೂ ಕೇಳ್ತಾರ್ರಿ” ಎಂದ.

ಏಳನೆಯ ತರಗತಿಗೇ ಶಾಲೆ ಬಿಟ್ಟು ಗೌಂಡಿಯಾದ ತಮ್ಮನೇ ಅವನ ಕೋಣೆಯ ಬಾಡಿಗೆಗೆ ಹಣ ಕಳುಹಿಸುತ್ತಾನಂತೆ. ತಮ್ಮನಿಗೆ ಕನ್ಯೆ ಗೊತ್ತಾಗಿದೆ. ಅಣ್ಣನ ಮದುವೆಯಾಗದೆ ಆ ಮದುವೆಯೂ ನಿಂತಿದೆ.

ಇದು ಒಂದು ಮನೆಯ ಕಥೆಯಷ್ಟೇ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2024ರಲ್ಲಿ ಭಾರತದ ಉದ್ಯೋಗಸ್ಥಿತಿಯನ್ನು ಕುರಿತು ಹೊರತಂದ ವರದಿಯಂತೆ, 2022ರಲ್ಲಿ ಪದವೀಧರ ಯುವಜನರಲ್ಲಿ ನಿರುದ್ಯೋಗ ಶೇಕಡಾ 29.1, ಓದುಬರಹ ಬಾರದ ಯುವಜನರಲ್ಲಿ 3.4 ಮಾತ್ರ. 2019ರಲ್ಲಿ ರೈಲ್ವೆ ಇಲಾಖೆ ಕರೆದ ಸುಮಾರು 35,000 ಹುದ್ದೆಗಳಿಗೆ ಬಂದ ಅರ್ಜಿಗಳು 1.25 ಕೋಟಿ.

ಕಡುಬಡವನಿಗೆ ನಿರುದ್ಯೋಗಿಯಾಗಿ ಕೂರುವ ಅನುಕೂಲವೂ ಇಲ್ಲ; ಸಿಕ್ಕ ಕೂಲಿಗೆ ಹೋಗಿ ಅಂದಿನ ಗಂಜಿ ಸಂಪಾದಿಸುತ್ತಾನೆ. ಕಾಯುವವನು ಓದಿದವನು. ಹೊಲ ಪಾಲಾಗಿ ತುಂಡಾಗಿದೆ. ಕಾಲೇಜುಗಳು ಊರೂರಿಗೆ ಬಂದುವು. ಅದಕ್ಕೆ ತಕ್ಕಷ್ಟು ಕಾರ್ಖಾನೆಗಳು ಬರಲಿಲ್ಲ. ಖಾಸಗಿ ಕೆಲಸ ಸಿಕ್ಕರೂ ಬಹುಪಾಲು ಸಂಬಳ ಅಲ್ಪ, ನಾಳೆಯ ಭರವಸೆಯಿಲ್ಲ. ಹೀಗಿರುವಾಗ ಸರ್ಕಾರಿ ನೌಕರಿಯೊಂದೇ ದಡವೆಂದು ತೋರಿದರೆ ಅದನ್ನು ಹುಡುಗರ ಸೋಮಾರಿತನವೆನ್ನಲಾದೀತೆ?

ತಪ್ಪಿನಲ್ಲಿ ನನ್ನದೂ ಒಂದು ಪಾಲುಂಟು. “ಓದದಿದ್ದರೆ ಕಲ್ಲುಮಣ್ಣು ಹೊರಬೇಕಾದೀತು” ಎಂದು ತರಗತಿಯಲ್ಲಿ ಹೆದರಿಸಿದವನು ನಾನೇ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಶರಣರು ಸಾರಿದ ನಾಡಿನಲ್ಲಿ, ಕೈಕೆಸರಾಗುವುದನ್ನು ಶಿಕ್ಷೆಯೆಂದು ಕಲಿಸಿದೆ. ಆ ಹೆದರಿಕೆಯೇ ಇಂದು ಅವನನ್ನು ತಮ್ಮನ ಜೊತೆ ನಿಲ್ಲಲು ಬಿಡುತ್ತಿಲ್ಲ. ಓದು ಬೇಡವೆಂದು ನಾನು ಹೇಳಲಾರೆ. ಆದರೆ ಓದಿನ ಬೆಲೆಯನ್ನು ನೌಕರಿಯ ಆದೇಶಪತ್ರವೊಂದರಿಂದಲೇ ಅಳೆಯುವುದನ್ನು ಮೊದಲು ಕೈಬಿಡಬೇಕಾದವರು ನಾವು, ಅಧ್ಯಾಪಕರು.

ಬೀಳ್ಕೊಡುವಾಗ ಅವನು ತಗ್ಗಿದ ದನಿಯಲ್ಲಿ ಕೇಳಿದ: “ಇನ್ನೊಂದು ವರ್ಷ ನೋಡ್ಲೇನ್ರಿ ಸರ್?”

ತರಗತಿಯಲ್ಲಿ ಅವನ ಯಾವ ಪ್ರಶ್ನೆಗೂ ನಾನು ಉತ್ತರವಿಲ್ಲದೆ ನಿಂತವನಲ್ಲ. ಅಂದು ನಿಂತೆ.